ಎತ್ತಿ ನೋಡದ ಬಟ್ಟೆ

ನನ್ನ ಕೈಗೆ ಒಂದು ಹೆಸರಿತ್ತು. ಹಾಸನದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾನು ನರ್ಸಾಗಿದ್ದಷ್ಟು ಕಾಲವೂ ಹಳ್ಳಿಯ ಹೆಣ್ಣುಮಕ್ಕಳು ನನ್ನನ್ನು ‘ಮುಚ್ಚಿ ಮಾಡೋ ಸಿಸ್ಟರಮ್ಮ’ ಎಂದು ಕರೆಯುತ್ತಿದ್ದರು. ಮೂತ್ರದ ನಳಿಕೆ ಹಾಕಬೇಕೆಂದರೆ ಬೇರೆಯವರು ಸೀರೆ ಎತ್ತಿ, ಶೀಟು ಸರಿಸಿ ಹಾಕುತ್ತಿದ್ದರು. ನಾನು ರೋಗಿಯ ಮೊಣಕಾಲುಗಳ ಮೇಲೆ ಶೀಟನ್ನು ಗುಡಾರದ ಹಾಗೆ ನಿಲ್ಲಿಸಿ, ಕಾಲ ಕಡೆಯಿಂದ ದೀಪ ಬಿಟ್ಟುಕೊಂಡು, ಬೇಕಾದಷ್ಟೇ ಜಾಗ ಕಾಣುವ ಹಾಗೆ ಮಾಡಿಕೊಂಡು ಕೆಲಸ ಮುಗಿಸುತ್ತಿದ್ದೆ. ಪಕ್ಕದಲ್ಲಿ ನಿಂತ ಡಾಕ್ಟರಿಗೂ ಏನೂ ಕಾಣುತ್ತಿರಲಿಲ್ಲ. ಹೆಂಗಸರು ಅದಕ್ಕೇ ನನ್ನನ್ನು ಕೇಳಿಕೊಂಡು ಬರುತ್ತಿದ್ದರು.

ಹಾಸನದಲ್ಲಿ ನರ್ಸಿಂಗ್ ಓದುತ್ತಿರುವ ಕೆಲವು ಮಕ್ಕಳು ‘ಮೇಡಂ, ಐಸಿಯು ಕೆಲಸ ನಿಜಕ್ಕೂ ಹೇಗಿರುತ್ತೆ ಬರೆದುಕೊಡಿ’ ಎಂದು ಕೇಳಿದರು. ಯಾವಾಗ ಇನ್‌ಚಾರ್ಜ್ ಆದೆ, ಯಾವಾಗ ಸೂಪರ್‌ವೈಸರ್ ಆದೆ ಎನ್ನುವುದು ನಿಮಗೆ ಬೇಡ. ಆ ಗುಡಾರದ ವಿಷಯ ಮಾತ್ರ ಬೇಕು. ಅದನ್ನೇ ಬರೆಯುತ್ತೇನೆ.

ನಮ್ಮದು ಅರಕಲಗೂಡು ತಾಲ್ಲೂಕು. ಅಪ್ಪ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ನಲ್ಲಿ ಬೆಂಕಿ ಕಾಯುತ್ತಿದ್ದರು. ನಮ್ಮ ವಂಶದಲ್ಲಿ ಡಿಗ್ರಿ ಸರ್ಟಿಫಿಕೇಟು ಹಿಡಿದ ಮೊದಲ ಕೈ ನನ್ನದು. ಮೊದಲು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದೆ. ಆಮೇಲೆ ದುಡಿಯುತ್ತ, ಮಗುವನ್ನು ಅವ್ವನ ಹತ್ತಿರ ಬಿಟ್ಟು ಬಿಎಸ್ಸಿ ನರ್ಸಿಂಗ್ ಓದಿದೆ. ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಓದಿದ್ದು ಸುಮ್ಮನೆ ಬಂದದ್ದಲ್ಲ.

ಗುಡಾರ ಕಟ್ಟುವುದನ್ನು ಮಾತ್ರ ಕಾಲೇಜಿನಲ್ಲಿ ಕಲಿಯಲಿಲ್ಲ. ನಾನು ಹುಡುಗಿಯಾಗಿದ್ದಾಗ ಅವ್ವನಿಗೆ ಹೊಟ್ಟೆನೋವು ಬಂದು ಹೊಳೆನರಸೀಪುರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿದ್ದರು, ನಾನೂ ಜೊತೆಗಿದ್ದೆ. ಅಲ್ಲಿಯ ನರ್ಸು ಬಾಗಿಲು ತೆರೆದಿರುವಾಗಲೇ ಅವ್ವನ ಸೀರೆ ಎತ್ತಿ ಕೆಲಸ ಶುರು ಮಾಡಿದಳು. ಹೊರಗೆ ಬೆಂಚಿನ ಮೇಲೆ ನಮ್ಮೂರಿನವರೇ ಇಬ್ಬರು ಗಂಡಸರು ಕೂತಿದ್ದರು. ಅವ್ವ ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೆರಗು ಮುಖಕ್ಕೆ ಹಾಕಿಕೊಂಡು ಅಳುತ್ತಿದ್ದಳು. ‘ನೋವಾ ಅವ್ವ?’ ಅಂದೆ. ‘ನೋವಾದ್ರೆ ತಡ್ಕಬೈದು ಕಣೆ. ಊರ್ಗೆ ಎಂಗ್ ಓಗ್ಲಿ ಏಳು’ ಅಂದಳು. ಅವತ್ತಿನಿಂದ ಎಷ್ಟೋ ವರ್ಷ ಅವ್ವ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ನಾನು ನರ್ಸಾದಾಗ ಇನ್ನೊಬ್ಬರ ತಾಯಿಗೆ ಹಾಗಾಗಬಾರದು ಎಂದು ಮನಸ್ಸಿನಲ್ಲಿತ್ತು. ಅದು ತಪ್ಪು ಎಂದು ಈಗಲೂ ಹೇಳುವುದಿಲ್ಲ.

ಐಸಿಯುಗೆ ಬಂದ ಹೊಸತರಲ್ಲಿ ನನಗೆ ಕೆಲಸ ಕಲಿಸಿದವರು ಇನ್‌ಚಾರ್ಜ್ ಸಿಸ್ಟರ್. ಮಂಗಳೂರು ಕಡೆಯವರು, ಬಾಯಿ ಜೋರು. ಆಗ ಔಷಧಿಯನ್ನು ಲೆಕ್ಕವಾಗಿ ಬಿಡುವ ಪಂಪು ಎಲ್ಲ ಮಂಚಕ್ಕೂ ಇರಲಿಲ್ಲ. ಬಾಟಲಿಯ ಕೆಳಗೆ ನಿಂತು, ಗಡಿಯಾರ ನೋಡುತ್ತ, ಹನಿ ಎಣಿಸಬೇಕಿತ್ತು. ಬಿ.ಪಿ. ಏರಿಸಲು ಡೋಪಮಿನ್ ಕೊಡುತ್ತಿದ್ದರು. ನಾರ್‌ಅಡ್ರಿನಲಿನ್ ಬಂದದ್ದು ಆಮೇಲೆ. ಈಗಿನವರು ಪಂಪಿನ ಗುಂಡಿ ಒತ್ತಿ ಸುಮ್ಮನಾಗುತ್ತಾರೆ. ಸುಮ್ಮನಾಗಲಿ, ಬೇಡ ಎನ್ನುವುದಿಲ್ಲ. ಹನಿ ಎಣಿಸುತ್ತ ನಿಂತಾಗ ಮಾತ್ರ ರೋಗಿಯ ಮುಖ ತಾನಾಗಿಯೇ ಕಣ್ಣಿಗೆ ಬೀಳುತ್ತಿತ್ತು.

ಚನ್ನರಾಯಪಟ್ಟಣದ ಒಬ್ಬ ತೆಂಗಿನಕಾಯಿ ವ್ಯಾಪಾರಿ ಜ್ವರದಿಂದ ಬಂದಿದ್ದರು. ಕೂತು ಮಾತಾಡುತ್ತಿದ್ದರು, ಮುಖ ಕೆಂಪಗಿತ್ತು, ಕೈ ಬೆಚ್ಚಗಿತ್ತು. ನಾನು ನಾಡಿ ಹಿಡಿದರೆ ನಗುತ್ತಾ, ‘ಏನ್ ಸಿಸ್ಟರ್, ಕಾಯಿ ಅಲ್ಲಾಡ್ಸಿ ನೋಡ್ದಂಗೆ ನೋಡ್ತಿದೀರಲ್ಲ, ಒಳ್ಗಡೆ ನೀರೈತಾ?’ ಎಂದರು. ನಾನೂ ನಕ್ಕೆ. ಇವರಿಗೇನೂ ಆಗಿಲ್ಲ ಎಂದುಕೊಂಡು ಪಕ್ಕದ ಮಂಚಕ್ಕೆ ಹೋದೆ.

ಇನ್‌ಚಾರ್ಜ್ ಸಿಸ್ಟರ್ ಬಂದವರೇ ಮಂಚದ ಕೆಳಗೆ ತೂಗುಹಾಕಿದ್ದ ಮೂತ್ರದ ಚೀಲವನ್ನು ಕೈಯಲ್ಲಿ ಎತ್ತಿ ಹಿಡಿದು ನನ್ನನ್ನು ಕರೆದರು.

‘ಇವರ ಜೋಕು ಕೇಳಿ ಖುಷಿಯಾಯ್ತಾ? ಬೆಳಿಗ್ಗೆಯಿಂದ ಈ ಚೀಲಕ್ಕೆ ಏನು ಬಂದಿದೆ ನೋಡು. ಮೂತ್ರಪಿಂಡಕ್ಕೆ ರಕ್ತವೇ ಹೋಗ್ತಾ ಇಲ್ಲ. ಬಾಯಿ ಸುಳ್ಳು ಹೇಳ್ತದೆ ಮಾರಾಯ್ತಿ, ಚೀಲ ಹೇಳುವುದಿಲ್ಲ.’

ಬಿ.ಪಿ. ಹಿಡಿದು ನೋಡಿದರೆ ಪಾತಾಳದಲ್ಲಿತ್ತು. ಆ ವ್ಯಾಪಾರಿ ಬದುಕಿಕೊಂಡರು. ಅವತ್ತಿನಿಂದ ಚೀಲ ನೋಡದೆ ನಾನು ಯಾವ ಮಂಚದ ಮುಂದಿನಿಂದಲೂ ದಾಟಿಲ್ಲ. ಗಂಟೆಗಂಟೆಗೆ ಮೂತ್ರ ಅಳೆಯಬೇಕಾದರೆ ನಳಿಕೆ ಬೇಕು, ನಳಿಕೆ ಹಾಕಲು ನಾಚಿಕೆ ಬಿಡಿಸಬೇಕು. ನನ್ನ ಗುಡಾರದ ವಿದ್ಯೆಗೆ ಬೆಲೆ ಬಂದದ್ದು ಹೀಗೆ.

ಸೆಪ್ಟಿಕ್ ಶಾಕ್ ಎಂದರೇನು ಎಂದು ಪುಸ್ತಕದಲ್ಲಿ ಓದಿರುತ್ತೀರಿ. ನಾನು ರೋಗಿಯ ಕಡೆಯವರಿಗೆ ಹೇಳುತ್ತಿದ್ದ ಹಾಗೆ ಹೇಳುತ್ತೇನೆ. ಮೈಯಲ್ಲಿ ಎಲ್ಲೋ ಒಂದು ಕಡೆ ಕೀವಾಗುತ್ತದೆ. ಆ ನಂಜು ರಕ್ತಕ್ಕೆ ಸೇರಿ ರಕ್ತನಾಳಗಳೆಲ್ಲ ಸಡಿಲವಾಗುತ್ತವೆ, ಸೋರುತ್ತವೆ. ನಾಲೆಯ ಏರಿ ಅಲ್ಲಲ್ಲಿ ಒಡೆದ ಹಾಗೆ. ಮೇಲಿನಿಂದ ಎಷ್ಟು ನೀರು ಬಿಟ್ಟರೂ ಗದ್ದೆಗೆ ತಲುಪುವುದಿಲ್ಲ. ಆಗ ಡಾಕ್ಟರು ಸಲೈನ್ ಬಿಡುತ್ತಾರೆ, ಆ್ಯಂಟಿಬಯಾಟಿಕ್ ಕೊಡುತ್ತಾರೆ. ಅದಕ್ಕೂ ಬಿ.ಪಿ. ಏರದಿದ್ದರೆ ನಾರ್‌ಅಡ್ರಿನಲಿನ್ ಹಚ್ಚಿ ರಕ್ತನಾಳಗಳನ್ನು ಹಿಂಡಿ ಬಿಗಿಮಾಡುತ್ತಾರೆ. ಹಾಗೆ ಹಿಂಡಿದಾಗ ಹೃದಯಕ್ಕೆ, ಮೆದುಳಿಗೆ ರಕ್ತ ಸಿಗುತ್ತದೆ. ಕೈಬೆರಳು, ಕಾಲ್ಬೆರಳು ನಾಲೆಯ ಕೊನೆಗದ್ದೆಗಳು. ತುಂಬಾ ಹೊತ್ತು ಹಿಂಡಿದರೆ ಮೊದಲು ಒಣಗುವುದು ಅವೇ.

ಆದ್ದರಿಂದ ಔಷಧಿ ಎಂದರೆ ಸಮಯ ಕೊಂಡುಕೊಳ್ಳುವುದು ಅಷ್ಟೆ. ಆ ಸಮಯದಲ್ಲಿ ಕೀವು ಎಲ್ಲಿದೆ ಎಂದು ಹುಡುಕಿ ತೆಗೆಯಬೇಕು. ನಮ್ಮ ಐಸಿಯುನ ದೊಡ್ಡ ಡಾಕ್ಟರು ರುದ್ರಸ್ವಾಮಿಯವರು ರೌಂಡ್ಸಿಗೆ ಬಂದರೆ ಬೇರೆ ಮಾತೇ ಇಲ್ಲ. ಮಂಚದ ಕಾಲಿನ ಹತ್ತಿರ ನಿಂತು ‘ಮೂಲ ಎಲ್ಲಿ?’ ಎನ್ನುತ್ತಿದ್ದರು. ಗೊತ್ತಿಲ್ಲ ಎಂದರೆ, ‘ಕಳ್ಳ ಒಳಗಿದಾನೆ, ನೀವು ಬಾಗಿಲಿಗೆ ಬೀಗ ಹಾಕ್ತಿದೀರಿ’ ಎನ್ನುವರು.

ಇಷ್ಟೆಲ್ಲ ಗೊತ್ತಿದ್ದ ಮೇಲೆ ನಿಂಗಮ್ಮ ಬಂದಳು. ನಿಂಗಮ್ಮ ಎನ್ನುವುದು ನಾನು ಇಟ್ಟ ಹೆಸರು, ಅವಳ ಗಂಡನದೂ ಹಾಗೆಯೇ.

ದುದ್ದದ ಕಡೆಯ ಹೆಂಗಸು. ಐವತ್ತರ ಹತ್ತಿರದ ವಯಸ್ಸು, ಸಕ್ಕರೆ ಕಾಯಿಲೆ. ಮನೆಯಲ್ಲಿ ಹಸುಗಳಿದ್ದವು, ಎರಡು ಹೊತ್ತೂ ಕೈಯಲ್ಲಿ ಕರೆದು ಡೇರಿಗೆ ಹಾಲು ಹಾಕುತ್ತಿದ್ದಳು. ಎಂಥ ಒದೆಯುವ ಹಸುವೂ ಅವಳ ಕೈಗೆ ಸುಮ್ಮನೆ ನಿಲ್ಲುತ್ತಿತ್ತು ಎಂದು ಗಂಡ ಕಾಳೇಗೌಡರು ಆಮೇಲೆ ಹೇಳಿದರು. ಕೆಲವು ದಿನದಿಂದ ಜ್ವರ, ಚಳಿ. ಡೇರಿಯ ಹತ್ತಿರ ಹಾಲಿನ ಕ್ಯಾನು ಹಿಡಿದು ನಿಂತಿದ್ದವಳು ಹಾಗೇ ಕುಸಿದಿದ್ದಳು. ಯಾರದೋ ಓಮ್ನಿಯಲ್ಲಿ ಹಾಕಿಕೊಂಡು ಬಂದರು.

ಬಂದಾಗ ಪ್ರಜ್ಞೆ ಇತ್ತು. ಏದುಸಿರು ಬಿಡುತ್ತಿದ್ದಳು, ನಾಡಿ ಓಡುತ್ತಿತ್ತು, ಬಿ.ಪಿ. ತಳಕ್ಕಿಳಿದಿತ್ತು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದೆವು. ಸಲೈನ್, ಆ್ಯಂಟಿಬಯಾಟಿಕ್ ಎಲ್ಲ ತಡವಿಲ್ಲದೆ ಶುರುವಾದವು. ನಳಿಕೆ ಹಾಕಬೇಕಿತ್ತು. ನಾನು ಪರದೆ ಎಳೆದು, ಗುಡಾರ ಕಟ್ಟಿ, ದೀಪ ಬಿಟ್ಟೆ.

ತೊಡೆಯ ಸಂದಿಯಲ್ಲಿ ಹಿಂಭಾಗದ ಕಡೆಗೆ ಒಂದು ಹಳೆಯ ಸೀರೆಯ ಬಟ್ಟೆ ಮಡಿಸಿ ಕಟ್ಟಿತ್ತು. ನಾನು ಕೈ ಹಾಕುತ್ತಲೇ ಅವಳು ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಸುಸ್ತಿನಲ್ಲೂ ಹಾಲು ಕರೆಯುವ ಕೈಯ ಬಿಗಿ ಹಾಗೇ ಇತ್ತು.

‘ಅದ ಮುಟ್ಟಬ್ಯಾಡ ಕಣವ್ವ. ತಿಂಗ್ಳು ಬಟ್ಟೆ.’

‘ಪರವಾಗಿಲ್ಲ ಅಕ್ಕ, ಬೇರೆ ಪ್ಯಾಡ್ ಕೊಡ್ತೀನಿ.’

‘ಬ್ಯಾಡ ಅಂದ್ನಲ್ಲ. ನಿನ್ ಕಾಲ್ಗೆ ಬೀಳ್ತೀನಿ. ಅಲ್ಲಿ ಗಂಡಸ್ರು ನಿಂತವ್ರೆ.’

ಪರದೆಯ ಆಚೆ ರುದ್ರಸ್ವಾಮಿ ಡಾಕ್ಟರ ಕಾಲು ಕಾಣುತ್ತಿದ್ದವು. ನನಗೆ ಹೊಳೆನರಸೀಪುರದ ಬೆಂಚು ನೆನಪಾಯಿತು. ಮುಟ್ಟು ನಿಲ್ಲುವ ವಯಸ್ಸು, ಹೀಗೆ ಹಾಗೆ ಆಗುತ್ತದೆ ಎಂದುಕೊಂಡೆ. ಬಟ್ಟೆಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿ, ಮುಂದಿನ ಜಾಗವನ್ನಷ್ಟೇ ಶುದ್ಧಮಾಡಿ ನಳಿಕೆ ಹಾಕಿದೆ. ಶೀಟು ಒಂದಿಷ್ಟೂ ಸರಿಯಲಿಲ್ಲ. ಸಲೀಸಾಗಿ ಹೋಯಿತು ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಡಾಕ್ಟರು ಪರದೆ ಸರಿಸಿ ಬಂದು ತಲೆಯಿಂದ ಪರೀಕ್ಷೆ ಮಾಡಿದರು. ಎದೆ, ಹೊಟ್ಟೆ, ಕೈ, ಕಾಲು ನೋಡಿದರು. ಸೊಂಟದ ಕೆಳಗಿನ ಶೀಟಿಗೆ ಕೈ ಹಾಕಿದಾಗ ಅವಳು ಎರಡೂ ಕೈಯಲ್ಲಿ ಅದನ್ನು ಬಿಗಿಹಿಡಿದು ಕಣ್ಣು ಮುಚ್ಚಿದಳು. ಅವರು ಕೈ ಬಿಟ್ಟು ನನ್ನ ಕಡೆ ತಿರುಗಿದರು.

‘ಸಿಸ್ಟರ್, ನೀವು ಎಲ್ಲ ನೋಡಿದ್ರಾ? ಬೆನ್ನು, ತೊಡೆ ಸಂದಿ?’

‘ನೋಡಿದೀನಿ ಸಾರ್. ಗಾಯ ಏನೂ ಇಲ್ಲ. ಮುಟ್ಟಾಗಿದ್ದಾರೆ, ಅಷ್ಟೆ.’

ಆ ಮೂರು ವಾಕ್ಯಗಳಲ್ಲಿ ಯಾವುದೂ ನಾನು ನೋಡಿ ಹೇಳಿದ್ದಲ್ಲ. ಆದರೂ ನನ್ನ ಬಾಯಿಂದ ಎಷ್ಟು ಗಟ್ಟಿಯಾಗಿ ಬಂದವೆಂದರೆ ಅವರು ಎರಡನೆಯ ಸಲ ಕೇಳಲಿಲ್ಲ. ಹೆಂಗಸರ ವಿಷಯದಲ್ಲಿ ನಾನು ನೋಡಿದ್ದೇನೆ ಎಂದರೆ ಅವರು ನೋಡಿದ ಹಾಗೆಯೇ ಎಂದು ಆ ಐಸಿಯುನಲ್ಲಿ ವರ್ಷಗಳಿಂದ ನಡೆದುಕೊಂಡು ಬಂದಿತ್ತು. ಆ ನಂಬಿಕೆ ಕಟ್ಟಿದವಳು ನಾನೇ.

ಎದೆಯ ಎಕ್ಸ್-ರೇ ಚೆನ್ನಾಗಿತ್ತು. ಮೂತ್ರದಲ್ಲಿ ಸ್ವಲ್ಪ ಸೋಂಕು ಕಂಡಿತು. ಮೂಲ ಅದೇ ಇರಬೇಕು ಎಂದು ತೀರ್ಮಾನವಾಯಿತು. ಸಂಜೆಯ ಹೊತ್ತಿಗೆ ಬಿ.ಪಿ. ಮತ್ತೆ ಇಳಿಯಿತು. ನಾರ್‌ಅಡ್ರಿನಲಿನ್ ಹಚ್ಚಿದರು. ಡೋಸು ಏರಿಸುತ್ತಾ ಹೋದರು. ಉಸಿರಾಟಕ್ಕೆ ಮೆಷಿನ್ ಹಾಕಬೇಕಾಯಿತು. ರುದ್ರಸ್ವಾಮಿಯವರು ಮಂಚದ ಕಾಲಿನ ಹತ್ತಿರ ನಿಂತು, ‘ಮೂತ್ರದ ಸೋಂಕು ಇಷ್ಟು ಹೊತ್ತಿಗೆ ಸ್ವಲ್ಪವಾದರೂ ಜಗ್ಗಬೇಕಿತ್ತಲ್ಲ’ ಎಂದರು. ನಾನು ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ. ಆ ಬಟ್ಟೆ ನನ್ನ ನೆನಪಿಗೇ ಬರಲಿಲ್ಲ ಎಂದು ಬರೆಯಬೇಕೆಂದು ಆಸೆಯಾಗುತ್ತದೆ. ಬಂತು. ಅಷ್ಟೆಲ್ಲ ಗಟ್ಟಿಯಾಗಿ ಹೇಳಿದ ಮೇಲೆ ಈಗ ಹೋಗಿ ಬಿಚ್ಚಿ ನೋಡಿದರೆ ಏನೆಂದುಕೊಳ್ಳುತ್ತಾರೆ ಎಂದೂ ಬಂತು. ಡ್ಯೂಟಿ ಬಿಡುವಾಗ ಮುಂದಿನ ಸಿಸ್ಟರಿಗೂ ‘ಮುಟ್ಟಾಗಿದ್ದಾರೆ, ನಾನು ನೋಡಿದೀನಿ’ ಎಂದೇ ಹೇಳಿದೆ. ಹಾಗಾಗಿ ಅವಳೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಬಂದಾಗ ಅವಳ ಬಲಗೈಯ ಬೆರಳ ತುದಿಗಳು ನೀಲಿಯಾಗಿದ್ದವು. ಒತ್ತಿದರೆ ಬಣ್ಣ ತಿರುಗುತ್ತಿರಲಿಲ್ಲ. ಎಡಗಾಲಿನ ಬೆರಳುಗಳೂ ಹಾಗೇ. ಕೊನೆಗದ್ದೆ ಒಣಗಲು ಶುರುವಾಗಿತ್ತು.

ಮೈ ಒರೆಸಲು ಆಯಾಳನ್ನು ಕರೆದು ಇಬ್ಬರೂ ಸೇರಿ ಮಗ್ಗುಲಿಗೆ ತಿರುಗಿಸಿದೆವು. ವಾಸನೆ ಬಂತು. ಮುಟ್ಟಿನ ವಾಸನೆ ಅಲ್ಲ. ಈ ಕೆಲಸದಲ್ಲಿ ಒಂದು ಸಲ ಮೂಸಿದವರು ಅದನ್ನು ಮರೆಯುವುದಿಲ್ಲ. ಬಟ್ಟೆ ಚರ್ಮಕ್ಕೆ ಅಂಟಿಕೊಂಡಿತ್ತು. ಸಲೈನ್ ಹಾಕಿ ನೆನೆಸಿ ಬಿಡಿಸಿದೆ. ಅಡಿಯಲ್ಲಿ ಅರೆದ ಬೇವು, ಅರಿಶಿನದ ಪಟ್ಟು. ಅದರಡಿ ಅಂಗೈ ಅಗಲ ಚರ್ಮ ಕಪ್ಪಾಗಿ ಕೀವು ಜಿನುಗುತ್ತಿತ್ತು. ಸಂದಿಯಲ್ಲಿ ಎದ್ದ ಒಂದು ಕುರು. ಗಂಡನಿಗೂ ಹೇಳದೆ ಪಟ್ಟು ಹಾಕಿಕೊಂಡು, ಅದರ ಮೇಲೆ ಕುಕ್ಕರಗಾಲಲ್ಲಿ ಕೂತು ಹಾಲು ಕರೆದಿದ್ದಳು.

ನಾನು ಓಡಿದೆ. ಸರ್ಜನ್ ಬಂದು ಕೊಳೆತದ್ದನ್ನೆಲ್ಲ ಕೊಯ್ದು ತೆಗೆದರು. ಮಧ್ಯಾಹ್ನದ ಹೊತ್ತಿಗೆ ನಾರ್‌ಅಡ್ರಿನಲಿನ್ ಇಳಿಸಲು ಆಯಿತು. ಸಂಜೆ ಚೀಲಕ್ಕೆ ಮೂತ್ರ ಬರತೊಡಗಿತು. ಜೀವ ಉಳಿಯಿತು. ಬೆರಳು ಉಳಿಯಲಿಲ್ಲ. ಅವು ದಿನದಿನಕ್ಕೆ ಇದ್ದಿಲಿನ ಹಾಗಾದವು. ಕೆಲವು ವಾರದ ಮೇಲೆ ಬಲಗೈಯ ಮೂರು ಬೆರಳನ್ನು ನಡುವಿಗೆ, ಎಡಗಾಲಿನ ಬೆರಳುಗಳನ್ನು ಬುಡಕ್ಕೆ ತೆಗೆದರು. ಒಂದು ದಿನ ಮೊದಲೇ ಕೀವು ತೆಗೆದಿದ್ದರೆ ಅಷ್ಟು ಔಷಧಿ ಬೇಕಾಗುತ್ತಿರಲಿಲ್ಲ, ಬೆರಳು ಉಳಿಯುತ್ತಿದ್ದವು ಎಂದು ನಾನು ನಂಬಿದ್ದೇನೆ. ಉಳಿಯುತ್ತಿರಲಿಲ್ಲ ಎಂದು ಯಾರಾದರೂ ವಾದಿಸಬಹುದು. ಆ ವಾದವನ್ನು ಅವರು ಮಾಡಲಿ, ನಾನು ಮಾಡುವುದಿಲ್ಲ.

ವಾರ್ಡಿಗೆ ಕಳಿಸಿದ ಮೇಲೆ ನಾನು ಅವಳ ಹತ್ತಿರ ಹೋದೆ. ಕೈಗೆ ಬ್ಯಾಂಡೇಜು ಸುತ್ತಿತ್ತು. ಕಾಳೇಗೌಡರು ಹೊರಗೆ ಕಾಫಿ ತರಲು ಹೋಗಿದ್ದರು.

‘ಅಕ್ಕ, ಆ ಬಟ್ಟೆ ನಾನು ಅವತ್ತೇ ಎತ್ತಿ ನೋಡಬೇಕಿತ್ತು. ನನ್ನಿಂದ ತಪ್ಪಾಯ್ತು’ ಎಂದೆ.

‘ನೀನೇನ್ ಮಾಡೀಯವ್ವ. ಸುಳ್ ಏಳಿದ್ದು ನಾನಲ್ವಾ? ನೀನು ನನ್ ಮಾನ ಉಳಿಸ್ದೆ.’ ಸ್ವಲ್ಪ ತಡೆದು ಅಂದಳು: ‘ಊರಲ್ಲಿ ಕಾಲ್ಗೆ ಮುಳ್ ಚುಚ್ಚಿ ನಂಜಾಯ್ತು ಅಂತ ಏಳವ್ರೆ. ಅಂಗೇ ಇರ್ಲಿ. ಎಲ್ಲಿ ಅಂತ ಯಾರ್ಗೂ ಬಾಯ್ಬುಡ್ಬ್ಯಾಡ.’

ಮಾತು ಕೊಟ್ಟೆ. ಆಗ ಅದು ಅವಳಿಗಾಗಿ ಕೊಟ್ಟ ಮಾತು ಎಂದೇ ಅಂದುಕೊಂಡಿದ್ದೆ.

ಆ ವಾರ ಆಸ್ಪತ್ರೆಯ ಮೀಟಿಂಗಿನಲ್ಲಿ ಈ ಕೇಸಿನ ಚರ್ಚೆ ಬಂತು. ರುದ್ರಸ್ವಾಮಿಯವರು ಎಲ್ಲರ ಮುಂದೆ, ‘ನಮಗ್ಯಾರಿಗೂ ಮೂಲ ಸಿಗಲಿಲ್ಲ. ಸಿಸ್ಟರು ಮೈ ಒರೆಸುವಾಗ ಹುಡುಕಿದರು. ಒಂದು ಜೀವ ಉಳಿದದ್ದು ಅವರಿಂದ’ ಎಂದರು. ಹಿಂದಿನ ದಿನ ನಾನು ಹೇಳಿದ್ದನ್ನು ಅವರು ಎತ್ತಲಿಲ್ಲ, ಗಾಯ ರಾತ್ರಿಯಲ್ಲಿ ಬಲಿಯಿತು ಎಂದುಕೊಂಡಿದ್ದರೇನೋ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈ ಮುಗಿದೆ. ಅಲ್ಲೇ ಹೇಳಬಹುದಿತ್ತು. ಜಾಗದ ಹೆಸರು ಹೇಳದೆಯೂ, ‘ನೋಡಿದೀನಿ ಅಂದದ್ದು ಸುಳ್ಳು ಸಾರ್’ ಎಂದು ಹೇಳಬಹುದಿತ್ತು. ನರ್ಸ್‌ಗಳ ದಿನದಂದು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಆಸ್ಪತ್ರೆ ಎಂದರೆ ಮುಖ ತಿರುಗಿಸುತ್ತಿದ್ದವಳು ಅವತ್ತು ಮೊದಲ ಸಲ ಬಂದಿದ್ದಳು. ಮಗಳಿಗೆ ಶಾಲು ಹೊದಿಸುವುದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕೆಳಗೆ ಇಳಿದು ಅವಳ ಪಕ್ಕದಲ್ಲಿ ಕೂತೆ. ಅವ್ವ ಈಗಿಲ್ಲ. ಅವಳಿಗೂ ಹೇಳಲಿಲ್ಲ.

ಶಾಲು ಬೀರುವಿನಲ್ಲಿದೆ. ಒಂದು ದಿನವೂ ಹೊದ್ದಿಲ್ಲ. ಹೊದ್ದಿಲ್ಲ ಎನ್ನುವುದೂ ಒಂದು ಹೆಚ್ಚುಗಾರಿಕೆ ಅಲ್ಲ. ಯಾರಿಗೂ ಕೊಟ್ಟೂ ಇಲ್ಲ, ಬಿಸಾಡಿಯೂ ಇಲ್ಲ.

ಅಲ್ಲಿಂದ ಮುಂದೆ ನಾನು ನನ್ನ ರೀತಿ ಬದಲಾಯಿಸಿದೆ. ಪರದೆ ಎಳೆದು, ಗಂಡಸರನ್ನು ಹೊರಗೆ ಕಳಿಸಿ, ಬಟ್ಟೆ ಬಿಚ್ಚಿ, ಮುಂದೆ ಹಿಂದೆ, ಕಂಕುಳು, ಸ್ತನದ ಅಡಿ, ಸಂದಿ, ಕಾಲ್ಬೆರಳ ನಡುವೆ ಎಲ್ಲ ನೋಡಿದ ಮೇಲೆಯೇ ಶೀಟು ಹೊದಿಸುವುದು. ಮುಚ್ಚುವುದು ಆಮೇಲೆ. ಬೇಡ ಎಂದವರ ಪಕ್ಕದಲ್ಲಿ ಕೂತು ಒಪ್ಪಿಸುತ್ತಿದ್ದೆ. ಒಪ್ಪದಿದ್ದರೆ ‘ನೋಡಲು ಬಿಡಲಿಲ್ಲ ಸಾರ್’ ಎಂದು ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಕಿರಿಯರಿಗೂ ‘ಪೂರ್ತಿ ನೋಡ್ರಮ್ಮ’ ಎನ್ನುತ್ತಿದ್ದೆ. ಏಕೆ ಎಂದು ಮಾತ್ರ ಹೇಳಲಿಲ್ಲ. ಕಾರಣ ಕೊಡದೆ ಹೇಳಿದ ಮಾತು ಕಾರಿಡಾರಿನ ಗೋಡೆಯ ಮೇಲಿನ ಬೋರ್ಡಿನ ಹಾಗೆ. ದಾಟಿಕೊಂಡು ಹೋಗುತ್ತಾರೆ.

ಹೋದ ವರ್ಷ ಚನ್ನರಾಯಪಟ್ಟಣದ ಒಂದು ಛತ್ರದಲ್ಲಿ ಮದುವೆಗೆ ಹೋಗಿದ್ದೆ. ನನ್ನ ಕೈಕೆಳಗೆ ಕಲಿತು, ಈಗ ಆ ಊರಿನಲ್ಲೇ ನರ್ಸಿಂಗ್ ಹೋಮಿನಲ್ಲಿರುವ ಒಬ್ಬಳು ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತಳು. ಎಲೆಗೆ ಪಾಯಸ ಬೀಳುತ್ತಿತ್ತು.

‘ಅಕ್ಕ, ನೀವು ಏಳ್ಕೊಟ್ಟಿದ್ದು ಇವತ್ತೂ ಕೈ ಬುಟ್ಟಿಲ್ಲ ಕಣಕ್ಕ. ಶೀಟು ಒಂಚೂರೂ ಸರಿಯಲ್ಲ. ಹೆಂಗಸ್ರೆಲ್ಲ ನಮ್ಮಲ್ಗೇ ಬತ್ತಾರೆ.’

‘ಆಮೇಲೆ ಬಿಚ್ಚಿ ನೋಡ್ತೀಯಾ?’

‘ಏನುಕ್ಕಕ್ಕ? ನಾಚ್ಕತಾರೆ ಪಾಪ. ನೀವೇ ಅಲ್ವಾ ಏಳ್ತಿದ್ದಿದ್ದು, ಅವ್ರ ಮಾನ ನಮ್ ಕೈಲೈತೆ ಅಂತ?’ ಎಂದು ನಕ್ಕು, ಪಕ್ಕದವಳಿಗೆ ನನ್ನನ್ನು ತೋರಿಸಿದಳು. ‘ಇವ್ರೇ ಕಣೆ, ಮುಚ್ಚಿ ಮಾಡೋ ಸಿಸ್ಟರು.’

ಪಾಯಸ ಹಾಗೇ ಬಿಟ್ಟೆದ್ದೆ. ನನ್ನ ಹತ್ತಿರ ಕಲಿತ ಹುಡುಗಿಯರು ಹೊಳೆನರಸೀಪುರದಲ್ಲಿದ್ದಾರೆ, ಅರಕಲಗೂಡಿನಲ್ಲಿದ್ದಾರೆ, ಹಾಸನದ ತುಂಬಾ ಇದ್ದಾರೆ. ಅವರಲ್ಲಿ ಎಷ್ಟು ಜನ ಇವತ್ತು ಬೆಳಿಗ್ಗೆ ಗುಡಾರ ಕಟ್ಟಿ, ಒಂದು ಬಟ್ಟೆಯನ್ನು ಹಿಂದಕ್ಕೆ ಸರಿಸಿ, ‘ನೋಡಿದೀನಿ ಸಾರ್’ ಎಂದಿದ್ದಾರೋ. ಬಾಯಿ ಬಿಟ್ಟು ನಡೆದದ್ದನ್ನು ಹೇಳದೆ ಇದು ನಿಲ್ಲುವುದಿಲ್ಲ. ಹೇಳಬೇಕಾದರೆ ನಿಂಗಮ್ಮನಿಗೆ ಕೊಟ್ಟ ಮಾತಿದೆ. ಅದಕ್ಕೆ ಈ ಬರಹಕ್ಕೆ ಕೂರುವ ಮೊದಲು ದುದ್ದದ ಬಸ್ಸು ಹತ್ತಿದೆ.

ಆ ಮನೆ ನನಗೆ ಹೊಸದಲ್ಲ. ಹಬ್ಬಕ್ಕೆಂದು ಕರೆಯುತ್ತಿದ್ದರು, ಹೋಗುತ್ತಿದ್ದೆ. ಹೋದಾಗಲೆಲ್ಲ ಕಾಳೇಗೌಡರು ತೋಟದಿಂದ ತೆಂಗಿನಕಾಯಿ ಕೆಡವಿಸಿ ಚೀಲಕ್ಕೆ ತುಂಬಿ ಬಸ್ ಸ್ಟಾಪಿನವರೆಗೆ ಹೊತ್ತು ತರುತ್ತಿದ್ದರು. ‘ನಮ್ಮೋಳ್ನ ಉಳ್ಸಿಕೊಟ್ಟ ಕೈ ಸಿಸ್ಟರ್ರೆ, ಬರಿಗೈಲಿ ಕಳ್ಸಾಕಾಯ್ತದಾ?’ ಎನ್ನುವರು. ನಾನು ಆ ಕಾಯಿ ಒಡೆದು ಅಡುಗೆ ಮಾಡಿ ಉಂಡಿದ್ದೇನೆ.

ಈಗ ಅವರ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಮೆಷಿನ್ ಇದೆ. ಸೊಸೆ ನೋಡಿಕೊಳ್ಳುತ್ತಾಳೆ. ನಿಂಗಮ್ಮ ಹಸುವಿನ ಮೈ ತಿಕ್ಕುತ್ತಿದ್ದಳು. ತೆಂಗಿನ ನಾರನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮೊಂಡು ಬೆರಳನ್ನು ಹಸುವಿನ ಬೆನ್ನಿಗೆ ಆನಿಸಿದ್ದಳು. ನನ್ನನ್ನು ಕಂಡು ಜಗುಲಿಗೆ ಬಂದು ಕೂತಳು. ಬರೆಯುವ ವಿಷಯ ಹೇಳಿದೆ.

‘ಎಲ್ಲಿ ಅಂತ್ಲೂ ಬರೀಬೇಕಾ?’

‘ಬರೆಯದಿದ್ದರೆ ಪ್ರಯೋಜನ ಇಲ್ಲ ಅಕ್ಕ.’

ಯೋಚನೆ ಮಾಡಿದಳು. ‘ಬರಿ. ಹೋದ್ ವರ್ಸ ನಮ್ಮ ಡೇರೀಲಿ ಒಬ್ಬಳು ಕುಂಟ್ತಿದ್ಳು. ಏನೇ ಅಂದ್ರೆ ಉಳುಕು ಅಂದ್ಳು. ನಾನೇ ಮೂಲೇಗ್ ಕರ್ಕೊಂಡೋಗಿ, ಕೈ ತೋರ್ಸಿ, ನಿಜ ಏಳು ಅಂದೆ. ಅವ್ಳ್ಗೂ ಅಲ್ಲೇ ಕುರು. ಇಬ್ರೂ ಆಸ್ಪತ್ರೆಗೋದೊ. ಅವತ್ತೇ ಮುಳ್ಳಿನ್ ಮಾತು ಸತ್ತೋಯ್ತು. ನೀನಿನ್ನೂ ಅದ ಮಡಿಕ್ಕಂಡಿದ್ದೀಯಾ?’

ನಾನು ಬಾಯಿ ಮುಚ್ಚಿಕೊಂಡಿದ್ದು ಅವಳ ಮಾನಕ್ಕಾಗಿ ಎಂದು ಹೇಳಿಕೊಳ್ಳುವುದಕ್ಕೂ ಇನ್ನು ಜಾಗ ಉಳಿಯಲಿಲ್ಲ. ಆಗ ಉಳಿದದ್ದನ್ನೂ ಹೇಳಿದೆ. ಡಾಕ್ಟರು ಕೇಳಿದ್ದು, ನಾನು ನೋಡಿದೀನಿ ಅಂದದ್ದು, ಸಂಜೆ ನೆನಪಾದರೂ ಸುಮ್ಮನಿದ್ದದ್ದು, ಮೀಟಿಂಗಿನ ಚಪ್ಪಾಳೆ, ಶಾಲು. ಅವಳಿಗೆ ಬಟ್ಟೆಯ ವಿಷಯ ಗೊತ್ತಿತ್ತು. ಇವು ಗೊತ್ತಿರಲಿಲ್ಲ.

ಒಳಗೆ ಮೆಷಿನ್ನಿನ ಸದ್ದು ನಿಂತಿತು.

‘ಸಾಯಂಕಾಲ ನೆಪ್ಪಾಗಿತ್ತಾ?’

‘ಆಗಿತ್ತು.’

‘ನಾನು ಅವಾಗ ಜ್ಞಾನ ತಪ್ಪಿ ಮಲ್ಗಿದ್ದೆ. ಬ್ಯಾಡ ಅನ್ನಾಕೆ ನಂಗೆ ಬಾಯಿರ್ಲಿಲ್ಲ.’

ನಾನು ಅವಳ ಮೊಂಡು ಬೆರಳುಗಳನ್ನೇ ನೋಡುತ್ತಿದ್ದೆ.

‘ಬಟ್ಟೆ ನಾನು ಮುಚ್ಚಿದ್ದು. ಅದ್ರಲ್ಲಿ ನಿನ್ ತಪ್ಪಿಲ್ಲ. ಆಮ್ಯಾಕೆ ನೀನು ಮುಚ್ಕಂಡಿದ್ದು ನಿನ್ ಮಾನ ಕಣವ್ವ. ನಂದಲ್ಲ.’ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ‘ಶಾಲು ಬೇರೆ ಹೊದಿಸ್ಕಂಡಿದ್ದೀಯ.’

ಕಾಳೇಗೌಡರು ಹಿತ್ತಲಿನಿಂದ ಬಂದು, ‘ಸಿಸ್ಟರ್ರಿಗೆ ಕಾಯಿ ಕೆಡವ್ಸನಾ?’ ಎಂದರು. ನಿಂಗಮ್ಮ ಅವರ ಕಡೆ ನೋಡಲಿಲ್ಲ. ‘ಇವತ್ ಬ್ಯಾಡ’ ಎಂದಳು. ಅವರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ ಒಳಗೆ ಹೋದರು.

ನಾನು ಎದ್ದೆ. ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಅಂದಳು: ‘ಬರಿ. ನನ್ನೆಸ್ರು ಬ್ಯಾಡ. ನಿನ್ನೆಸ್ರು ಆಕು.’

ಬಸ್ ಸ್ಟಾಪಿನಲ್ಲಿ ಬರಿಗೈಯಲ್ಲಿ ನಿಂತಿದ್ದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ.

ರುದ್ರಸ್ವಾಮಿಯವರು ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಇದರ ಒಂದು ಪ್ರತಿ ಅವರಿಗೆ, ಒಂದು ಪ್ರತಿ ಚನ್ನರಾಯಪಟ್ಟಣದ ಆ ಹುಡುಗಿಗೆ ಕಳಿಸುತ್ತೇನೆ. ನೀವು ಐಸಿಯುಗೆ ಹೋದ ಮೇಲೆ ಯಾರಾದರೂ ‘ಪೂರ್ತಿ ನೋಡಿದ್ರಾ’ ಎಂದು ಕೇಳಿದರೆ, ನೋಡಿಲ್ಲದಿದ್ದರೆ ನೋಡಿಲ್ಲ ಎನ್ನಿ. ಹೋಗಿ ನೋಡಿ ಬನ್ನಿ. ಎಷ್ಟೇ ತಡವಾಗಿದ್ದರೂ ಹೋಗಿ.

ನನ್ನ ಹೆಸರು ಸಣ್ಣತಾಯಮ್ಮ. ಅರಕಲಗೂಡು ತಾಲ್ಲೂಕಿನವಳು, ಬಿಎಸ್ಸಿ ನರ್ಸಿಂಗ್. ಆ ಬಟ್ಟೆಯನ್ನು ಎತ್ತಿ ನೋಡದೆ, ನೋಡಿದೀನಿ ಎಂದವಳು ನಾನು.